ಗ್ರೀನ್‌ಸ್ಟೆಡ್ ಚರ್ಚಿನ ಮರದ ಗೋಡೆ ನಿಜಕ್ಕೂ 845ರದ್ದೇ?

ಅಲ್ಲ. ಇಂಗ್ಲೆಂಡಿನ ಎಸೆಕ್ಸ್‌ನ ಈ ಹಳ್ಳಿ ಚರ್ಚು 845ರದ್ದೆಂದು ಬಹಳ ಕಾಲ ನಂಬಿದ್ದರು. 1990ರ ದಶಕದಲ್ಲಿ ಮರದ ಉಂಗುರಗಳನ್ನು ಪರೀಕ್ಷಿಸಿದಾಗ ಓಕ್ ದಿಮ್ಮಿಗಳು 11ನೇ ಶತಮಾನದ ಉತ್ತರಾರ್ಧದವೆಂದು ತಿಳಿಯಿತು. ಆದರೂ ಇವತ್ತಿಗೆ ನಿಂತಿರುವ ಮರದ ಚರ್ಚುಗಳಲ್ಲಿ ಇದು ಅತಿ ಹಳೆಯವುಗಳ ಸಾಲಿನದೇ.

ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಒಳಮೈ ಚಪ್ಪಟೆ ಮಾಡಿ, ಹೊರಮೈ ದುಂಡಗೇ ಬಿಟ್ಟು, ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿದ್ದಾರೆ. ಸಂದಿಯಲ್ಲಿ ಗಾಳಿ-ಮಳೆ ನುಗ್ಗದಂತೆ ಎರಡೂ ಅಂಚಿಗೆ ಗ್ರೂವ್ ತೆಗೆದು ತೆಳು ಮರದ ಪಟ್ಟಿ ಕೂರಿಸಿದ್ದಾರೆ. ಕೆಟ್ಟದ್ದು ಬುಡ: ತೇವ ಹಿಡಿದು ಕೊಳೆಯಿತು. 1848ರ ಸುಮಾರಿನ ದುರಸ್ತಿಯಲ್ಲಿ ಆ ಭಾಗ ಕೊಯ್ದು, ದಿಮ್ಮಿಗಳನ್ನು ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದರು. ಪೂರ್ವ ತುದಿಯ ಇಟ್ಟಿಗೆ ಚಾನ್ಸೆಲ್ (ಪೂಜಾಪೀಠವಿರುವ ಭಾಗ) ಸುಮಾರು 1500ರದ್ದು. ಗೋಡೆಯ ಕಿಂಡಿ ಕುಷ್ಠರೋಗಿಗಳು ಇಣುಕಲೆಂದು ಮಾಡಿದ್ದು ಅನ್ನುವ ಕಥೆಗೆ ಮಾತ್ರ ಆಧಾರ ಕಮ್ಮಿ.