ಎರಡು ವರ್ಷದ ಮಗುವಿನ ಜೊತೆ ಕುದುರೆಮುಖ: ಹೋಗಿ, ಆದರೆ ಹತ್ತಬೇಡಿ

ಪ್ರಶ್ನೆ: ನಮಸ್ತೆ ಮೇಡಂ. ಅಕ್ಟೋಬರ್ ರಜೆಯಲ್ಲಿ ಹೊರನಾಡಿಗೆ ಹೋಗುತ್ತಿದ್ದೇವೆ. ಮಗಳಿಗೆ ಎರಡು ವರ್ಷ ಎರಡು ತಿಂಗಳು. ದೇವರ ದರ್ಶನ ಆದ ಮಾರನೇ ದಿನ ಪೂರ್ತಿ ಖಾಲಿ ಇದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ ನೋಡೋಣ ಅಂತ ಆಸೆ. ನಮ್ಮ ಯಜಮಾನರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಶಿಖರ ಹತ್ತುತ್ತೇನೆ ಅಂತಾರೆ. ಅತ್ತೆ, ಅಷ್ಟು ಎತ್ತರಕ್ಕೆ ಹೋದರೆ ಮಗುವಿಗೆ ಉಸಿರು ಕಟ್ಟುತ್ತೆ, ಆ ಕಡೆ ಹೋಗೋದೇ ಬೇಡ ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ತುಮಕೂರು

ಉತ್ತರ: ಮೊದಲು ಅತ್ತೆಯವರ ಭಯ ಬಿಡಿಸೋಣ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಎತ್ತರದಿಂದ ತಲೆನೋವು, ವಾಂತಿ, ಉಸಿರಿನ ತೊಂದರೆ ಶುರುವಾಗೋದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ನೀವು ಕಾರಿನಲ್ಲಿ ಓಡಾಡುವ ರಸ್ತೆಯಂತೂ ಶಿಖರಕ್ಕಿಂತ ಎಷ್ಟೋ ಕೆಳಗಿದೆ. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ ಅಂತ ಹೇಳಿ, ಅವರಿಗೆ ಸಮಾಧಾನ ಆಗುತ್ತೆ.

ಯಜಮಾನರಿಗೆ ಮಾತ್ರ ಬೇಡ ಅಂತಲೇ ಹೇಳಬೇಕು. ಮುಳ್ಳೋಡಿ ಕಡೆಯಿಂದ ಶಿಖರಕ್ಕೆ ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್ ನಡಿಗೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ದೊಡ್ಡವರಿಗೇ ಇಡೀ ದಿನ ಹಿಡಿಯುತ್ತೆ. ಹೊತ್ತುಕೊಂಡವರು ಹತ್ತುತ್ತಾ ಬೆವರುತ್ತಿರುತ್ತಾರೆ, ಆದರೆ ಬೆನ್ನ ಮೇಲಿನ ಮಗು ಅಲುಗಾಡದೆ ಕೂತಿರುತ್ತೆ, ಗಾಳಿಗೆ ಅದರ ಕೈಕಾಲು ತಣ್ಣಗಾಗಿರೋದು ಅಪ್ಪನಿಗೆ ಗೊತ್ತೇ ಆಗಲ್ಲ. ದಾರಿಯಲ್ಲಿ ಮಂಜು ಮುಸುಕಿದರೆ, ಮಳೆ ಹಿಡಿದರೆ, ಮಗು ಅಳೋಕೆ ಶುರು ಮಾಡಿದರೆ ಐದಾರು ಕಿಲೋಮೀಟರ್ ವಾಪಸ್ ಇಳಿಯಲೇಬೇಕು. ಅವರ ಆಸೆ ತಪ್ಪಲ್ಲ. ಮಗಳಿಗೆ ಹತ್ತು ಹನ್ನೆರಡು ವರ್ಷ ಆಗಲಿ, ಅವಳ ಕಾಲಲ್ಲೇ ಅಪ್ಪನ ಜೊತೆ ಹತ್ತಲಿ.

ಹಾಗಾದರೆ ನೋಡೋದೇನು? ಕಳಸದಿಂದ ಕುದುರೆಮುಖ ಊರು ದಾಟಿ ಕಾರ್ಕಳದ ಕಡೆ ಹೋಗುವ ರಸ್ತೆ ಉದ್ಯಾನದ ಒಳಗೇ ಸಾಗುತ್ತೆ, ಅದೊಂದೇ ನಿಮ್ಮ ದಿನಕ್ಕೆ ಸಾಕು. ಬೆಟ್ಟದ ಮೈಯೆಲ್ಲಾ ಹುಲ್ಲು, ಎರಡು ಗುಡ್ಡ ಸೇರುವ ಸಂದಿಯಲ್ಲಿ ಮಾತ್ರ ದಟ್ಟ ಕಾಡು, ಅದೇ ಶೋಲಾ. ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಹಳ್ಳಕ್ಕೆ ಬಿಡೋದು ಈ ಹುಲ್ಲು ಮತ್ತು ಶೋಲಾಗಳೇ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋದು ಇದೇ ಬೆಟ್ಟಸಾಲಿನಲ್ಲಿ. ಇದನ್ನು ಅತ್ತೆಯವರಿಗೆ ಹೇಳಿ ನೋಡಿ, ಅವರೇ ಮುಂದೆ ಹೊರಡುತ್ತಾರೆ. ಕುದುರೆಮುಖ ಊರು ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ್ದು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಆಯ್ತು, ಸುಪ್ರೀಂ ಕೋರ್ಟ್ ತೀರ್ಪಿನಿಂದ 2005ರ ಕೊನೆಗೆ ಗಣಿ ನಿಂತಿತು. ಆ ಗಣಿ ನಿಂತಿದ್ದಕ್ಕೇ ನಿಮ್ಮ ಮಗಳು ಇವತ್ತು ಈ ಹುಲ್ಲುಗುಡ್ಡ ನೋಡೋಕಾಗುತ್ತೆ.

ಜಲಪಾತ ಒಂದೇ ಸಾಕು. ಕಡಾಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಇದೆ, ಮಗುವನ್ನು ಎತ್ತಿಕೊಂಡೇ ನೋಡಬಹುದು. ನೀರಿಗೆ ಮಾತ್ರ ಇಳಿಸಬೇಡಿ, ಬಂಡೆ ಪಾಚಿ ಕಟ್ಟಿರುತ್ತೆ. ಹನುಮನಗುಂಡಿ ದೊಡ್ಡದು, ಚಂದವೂ ಹೌದು, ಆದರೆ ತುಂಬಾ ಮೆಟ್ಟಿಲು ಇಳಿಯಬೇಕು, ವಾಪಸ್ ಬರುವಾಗ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಅಷ್ಟನ್ನೂ ಹತ್ತಬೇಕು. ಅತ್ತೆಯವರ ಮಂಡಿಯ ಬಗ್ಗೆಯೂ ಯೋಚಿಸಿ. ನಾನಾಗಿದ್ದರೆ ಬಿಡುತ್ತಿದ್ದೆ.

ನಾವು ಅಲ್ಲಿಗೆ ಹೋದಾಗ ನನ್ನ ಮಗನಿಗೂ ಎರಡು ವರ್ಷ. ನಾವು ಅವನಿಗೆ ಗುಡ್ಡ ತೋರಿಸುತ್ತಿದ್ದೆವು, ಜಲಪಾತ ತೋರಿಸುತ್ತಿದ್ದೆವು, ಅವನು ಎರಡನ್ನೂ ನೋಡಲಿಲ್ಲ. ಅವನ ಕಾಲ ಬಳಿ ಒದ್ದೆ ಎಲೆಯ ಮೇಲೆ ಒಂದು ಕಂದು ಹುಳ ಇತ್ತು. ಕಡ್ಡಿ ತಾಗಿದ ಕೂಡಲೇ ಗೋಲಿಯಂತೆ ದುಂಡಗೆ ಸುತ್ತಿಕೊಂಡಿತು. ಪಶ್ಚಿಮ ಘಟ್ಟದಲ್ಲಿ ಮಳೆ ಮುಗಿಯುವ ಹೊತ್ತಿಗೆ ಇವು ಸಿಗುತ್ತವೆ. ಅದು ಮತ್ತೆ ಬಿಚ್ಚಿಕೊಂಡು, ಮೀಸೆ ಆಡಿಸಿ, ನಡೆದು ಎಲೆಯಡಿ ಹೋಗುವವರೆಗೆ ಅವನು ಕುಕ್ಕರಗಾಲಲ್ಲಿ ಕೂತೇ ಇದ್ದ. ಮುಂದಿನ ಒಂದು ತಿಂಗಳು ಮನೆಯಲ್ಲಿ ಹಾಸಿಗೆ ಮೇಲೆ ಹಾಗೇ ಸುತ್ತಿಕೊಂಡು ಮಲಗುತ್ತಿದ್ದ. ಅದಕ್ಕೇ ಹೇಳೋದು, ಹತ್ತು ಜಾಗದ ಪಟ್ಟಿ ಇಟ್ಟುಕೊಳ್ಳಬೇಡಿ, ಎರಡು ಕಡೆ ಇಳಿಯಿರಿ, ಇಳಿದಲ್ಲಿ ಅರ್ಧ ಗಂಟೆ ಇರಿ. ಎಲ್ಲಿ ಇಳಿಯಬಹುದು ಅಂತ ಚೆಕ್‌ಪೋಸ್ಟ್‌ನಲ್ಲೇ ಕೇಳಿಕೊಳ್ಳಿ, ಕಾಡಿನೊಳಗೆ ಸಿಕ್ಕಸಿಕ್ಕಲ್ಲಿ ಗಾಡಿ ನಿಲ್ಲಿಸುವಂತಿಲ್ಲ.

ಬೆಳಿಗ್ಗೆ ತಿಂಡಿ ತಿಂದು ಒಂದು ಗಂಟೆ ಬಿಟ್ಟು ಹೊರಡಿ. ತಿರುವಿನ ರಸ್ತೆಯಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ವಾಂತಿ ಶುರುವಾಗಬಹುದು, ಮಾತ್ರೆ ಸಿರಪ್ ಏನೇ ಇದ್ದರೂ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ. ಬಿಸಿನೀರು, ಮೊಸರನ್ನ, ಬಾಳೆಹಣ್ಣು ಕಾರಲ್ಲೇ ಇರಲಿ. ಪೆಟ್ರೋಲ್ ಕಳಸದಲ್ಲೇ ಹಾಕಿಸಿ. ಕಾಡಿನೊಳಗೆ ಫೋನ್ ಸಿಗಲ್ಲ, ಹೊರಡುವ ಮೊದಲೇ ಮನೆಗೆ ಹೇಳಿಬಿಡಿ. ಮತ್ತೊಂದು ಮಾತು ಕೈಮುಗಿದು ಕೇಳುತ್ತೇನೆ: ಬಳಸಿದ ಡೈಪರ್ ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ಮೋರಿ ಪಕ್ಕ ಎಸೆದ ಡೈಪರನ್ನು ಮಂಗ ಎಳೆದಾಡೋದನ್ನು ನಾನು ನೋಡಿದ್ದೇನೆ, ತುಂಬಾ ಸಂಕಟ ಆಯ್ತು.

ಪ್ರಶ್ನೆ: ಮಲೆನಾಡಿಗೆ ಮಗುವನ್ನು ಕರೆದುಕೊಂಡು ಹೋದರೆ ಉಂಬಳ ಕಚ್ಚುತ್ತೆ ಅಂತಾರೆ. ಅಪಾಯವೇ?
– ಓದುಗರು, ಹಾವೇರಿ

ಉತ್ತರ: ಉಂಬಳದಿಂದ ದೊಡ್ಡ ಅಪಾಯ ಇಲ್ಲ. ಹಿಡಿದು ಎಳೆಯಬೇಡಿ, ಚರ್ಮಕ್ಕೆ ಅಂಟಿದ ಜಾಗದಲ್ಲಿ ಉಗುರು ಸೇರಿಸಿ ಮೆಲ್ಲಗೆ ಪಕ್ಕಕ್ಕೆ ಜಾರಿಸಿ, ಸೋಪು ಹಾಕಿ ತೊಳೆಯಿರಿ. ರಕ್ತ ಸ್ವಲ್ಪ ಹೊತ್ತು ಬರುತ್ತೆ, ಗಾಬರಿ ಬೇಡ. ನಾನು ಹೆದರೋದು ಉಣುಗಿಗೆ. ಮಂಗನ ಕಾಯಿಲೆ ಹರಡೋದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಇದು, ಚಳಿಗಾಲ ಮತ್ತು ಬೇಸಿಗೆಯಲ್ಲಿ ಜಾಸ್ತಿ. ಮಗುವಿಗೆ ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ತರಗೆಲೆ ಮೇಲೆ ಕೂರಿಸಬೇಡಿ. ಮಂಗ ಸತ್ತು ಬಿದ್ದ ಕಡೆ ಹೋಗಲೇಬೇಡಿ. ರೂಮಿಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ತೊಡೆಸಂದು ಬೆರಳಿಂದ ಸವರಿ ನೋಡಿ. ಮುಂದಿನ ಎರಡು ವಾರದಲ್ಲಿ ಜೋರು ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.