ಗಿಟಾರ್ ಕೆರೆಯೋಕೆ ಮುಂಚೆ ಸ್ವಲ್ಪ ತಡೀರಿ

ಪ್ರಶ್ನೆ: ಸಾರ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೋಕಾಸ್ಟರ್) ಥರದ ಎಲೆಕ್ಟ್ರಿಕ್ ಗಿಟಾರ್ ಇದೆ, ಕಪ್ಪು ಬಣ್ಣ, ಅಂಚಲ್ಲೆಲ್ಲ ಚಕ್ಕೆ ಎದ್ದಿದೆ. ಪೇಂಟ್ ಪೂರ್ತಿ ತೆಗೆದು ಮರ ಕಾಣೋ ಹಾಗೆ ಪಾಲಿಶ್ ಮಾಡೋ ಆಸೆ. ಥಿನ್ನರ್ ಹಾಕಿ ಎರಡು ದಿನ ಉಜ್ಜಿದೆ, ಬಟ್ಟೆಗೆ ಒಂಚೂರೂ ಬಣ್ಣ ಹತ್ತಲಿಲ್ಲ. ಏನ್ ಮಾಡ್ಲಿ?
– ಓದುಗರು, ಶಿವಮೊಗ್ಗ

ಉತ್ತರ: ಹತ್ತಲ್ಲ, ನಿಮ್ ಕೈದೇನೂ ತಪ್ಪಿಲ್ಲ. ಹಳೇ ಕಾಲದ ಗಿಟಾರ್‌ಗೆ ಹೊಡೀತಿದ್ದ ನೈಟ್ರೋ ಲ್ಯಾಕರ್ ಆಗಿದ್ರೆ ಥಿನ್ನರ್ ಬಿದ್ದ ತಕ್ಷಣ ಕರಗಿ ಅಂಟಂಟಾಗ್ತಿತ್ತು, ಆದ್ರೆ ಈಗಿನ ಕಡಿಮೆ ಬೆಲೆ ಗಿಟಾರ್‌ಗಳಲ್ಲಿ ಮುಕ್ಕಾಲುಪಾಲು ಇರೋದು ಪಾಲಿಯೆಸ್ಟರ್ ಇಲ್ಲಾ ಪಾಲಿಯುರೆಥೇನ್, ಅದು ಬರೀ ಒಣಗಿದ್ದಲ್ಲ, ರಾಸಾಯನಿಕವಾಗಿ ಗಟ್ಟಿಯಾಗಿರೋ ಪ್ಲಾಸ್ಟಿಕ್ಕು, ಒಂದ್ಸಲ ಕೂತ್ರೆ ಥಿನ್ನರ್‌ಗೆಲ್ಲ ಜಗ್ಗಲ್ಲ. ತೆಗೀಲೇಬೇಕು ಅಂದ್ರೆ ಹೀಟ್ ಗನ್ ಹಿಡಿದು ಮೆತ್ತಗೆ ಮಾಡ್ಕೊಂಡು ಪುಟ್ಟಿ ಬ್ಲೇಡಲ್ಲಿ ಎಬ್ಬಿಸ್ಬೇಕು, ಹೊಗೆ ಕೆಟ್ಟದ್ದು, ಮನೆ ಒಳಗಂತೂ ಬೇಡ.

ಆದ್ರೆ ನನ್ನ ಕೇಳಿದ್ರೆ ತೆಗೀಲೇಬೇಡಿ. ಕಪ್ಪು ಬಣ್ಣದ ಗಿಟಾರ್ ಒಳಗೆ ಚೆಂದದ ಮರ ಇರುತ್ತೆ ಅನ್ನೋದು ನಮ್ಮ ಆಸೆ ಅಷ್ಟೇ. ಚೆಂದ ಇರೋ ಮರಕ್ಕೆ ಫ್ಯಾಕ್ಟರಿಯೋರು ಯಾಕ್ರೀ ಕಪ್ಪು ಬಳೀತಾರೆ? ಎಳೆ ಹೊಂದದ ಮೂರ್ನಾಲ್ಕು ತುಂಡು ಅಂಟಿಸಿದ ಬಾಡೀನೇ ಈ ಬಣ್ಣಕ್ಕೆ ಹೋಗೋದು ಜಾಸ್ತಿ, ಬಾಸ್‌ವುಡ್ ಅನ್ನೋ ಮೆತ್ತನೆ ಮರ ಆದ್ರಂತೂ ಹಣ್ಣಿನ ಪೆಟ್ಟಿಗೆ ಹಲಗೆ ಥರ ಪೇಲವ, ಉಗುರು ಒತ್ತಿದ್ರೂ ಗುರುತು ಬೀಳುತ್ತೆ. ವಾರಗಟ್ಲೆ ಕೆರೆದು ಕೊನೆಗೆ ಮತ್ತೆ ಬಣ್ಣವೇ ಹೊಡೀಬೇಕಾಗುತ್ತೆ.

ಹಾಗಾಗಿ ಹಳೇ ಪೇಂಟನ್ನೇ ತಳಪಾಯ ಮಾಡ್ಕೊಳ್ಳಿ. ಎಲ್ಲಾ ಬಿಚ್ಚೋಕೆ ಮುಂಚೆ ವೈರಿಂಗ್ ಫೋಟೋ ತೆಗೀರಿ, ಸ್ಕ್ರೂಗಳನ್ನ ಜಾಗದ ಹೆಸರು ಬರೆದ ಬೇರೆ ಬೇರೆ ಕವರಲ್ಲಿ ಹಾಕಿ. ಹಿಂದಿನ ಓನರ್ ಸಿಲಿಕಾನ್ ಪಾಲಿಶ್ ಹಾಕಿದ್ರೆ ಹೊಸ ಪೇಂಟ್ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಬಿಟ್ಕೊಳ್ಳುತ್ತೆ, ಅದಕ್ಕೇ ಮೊದ್ಲು ಥಿನ್ನರಲ್ಲಿ ಒರೆಸಿ ಆಮೇಲೆ ಉಜ್ಜಿ, ಉಲ್ಟಾ ಮಾಡಿದ್ರೆ ಆ ಜಿಡ್ಡನ್ನ ನೀವೇ ಗೀರುಗಳ ಒಳಗೆ ತುರುಕಿದ ಹಾಗೆ. ಚಕ್ಕೆ ಎದ್ದಿರೋ ಕಡೆ ಪುಟ್ಟಿ ತುಂಬಿ, ಒಣಗಿದ ಮೇಲೆ ಇಡೀ ಬಾಡಿನ 320, ಆಮೇಲೆ 400 ನಂಬರ್ ಸ್ಯಾಂಡ್ ಪೇಪರಲ್ಲಿ ಹೊಳಪು ಪೂರ್ತಿ ಹೋಗೋ ತನಕ ಉಜ್ಜಿ, ಮಾಸ್ಕ್ ಹಾಕ್ಕೊಂಡು. ನೆಕ್ (ಗಿಟಾರಿನ ಉದ್ದನೆ ಹಿಡಿ) ಕೂರೋ ಗುಳಿಗೆ ಟೇಪ್ ಹಾಕಿ, ಅಲ್ಲಿ ಪೇಂಟ್ ದಪ್ಪ ಆದ್ರೆ ನೆಕ್ ವಾಪಸ್ ಕೂರಲ್ಲ. ಆ ಗುಳೀಗೇ ಒಂದು ಮರದ ಪಟ್ಟಿ ಸ್ಕ್ರೂ ಮಾಡಿದ್ರೆ ಹಿಡಿಯೋಕೆ, ನೇತು ಹಾಕೋಕೆ ಅನುಕೂಲ.

ಪೇಂಟು ಕಾರ್ ಪೇಂಟ್ ಅಂಗಡೀಲಿ ಸಿಗೋ ಸ್ಪ್ರೇ ಕ್ಯಾನೇ ಸಾಕು. ಕಾರ್ ಪೇಂಟಾ ಅಂತ ಮೂಗು ಮುರೀಬೇಡಿ, 1950-60ರ ದಶಕದ ಫೆಂಡರ್ ಗಿಟಾರ್‌ಗಳ ಹೆಸರಾಂತ ಬಣ್ಣಗಳಲ್ಲಿ ಹೆಚ್ಚಿನವು ಡುಪಾಂಟ್ ಕಂಪನಿಯ ಕಾರ್ ಪೇಂಟೇ, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್ ಕಾರಿಂದು. ಪ್ರೈಮರ್ ಆದ್ಮೇಲೆ ಬಣ್ಣ ಮೂರ್ನಾಲ್ಕು ಕೋಟ್, ಮೇಲೆ ಬಣ್ಣವಿಲ್ಲದ ಕ್ಲಿಯರ್ ಆರೇಳು ಕೋಟ್, ಎಲ್ಲಾ ತೆಳ್ಳಗೆ, ಕೋಟಿಗೂ ಕೋಟಿಗೂ ಕ್ಯಾನ್ ಮೇಲೆ ಬರೆದಷ್ಟು ಹೊತ್ತು ಬಿಡಿ. ಒಂದೇ ಸಲ ಮುಚ್ಚಿಬಿಡೋಣ ಅಂತ ಹೊಡೆದ್ರೆ ಮೇಣದಬತ್ತಿ ಹಾಗೆ ಇಳಿಯುತ್ತೆ. ಎರಡು ಡಬ್ಬಿ ಕಲಸೋ ಟೂ-ಕೆ ಕ್ಲಿಯರ್ ಮಾತ್ರ ಮನೇಲಿ ಬೇಡವೇ ಬೇಡ, ಅದರಲ್ಲಿ ಐಸೊಸೈನೇಟ್ ಅನ್ನೋ, ಶ್ವಾಸಕೋಶಕ್ಕೆ ಅಪಾಯದ ರಾಸಾಯನಿಕ ಇರುತ್ತೆ, ಬಟ್ಟೆ ಮಾಸ್ಕು ತಡೆಯಲ್ಲ, ಅದು ಬೇಕಂದ್ರೆ ಕಾರ್ ಪೇಂಟಿಂಗ್ ಬೂತ್ ಇರೋ ಗ್ಯಾರೇಜಿಗೆ ಕೊಡಿ.

ನಿಮ್ಮೂರಿನ ಮಳೆಗಾಲ ಬೇರೆ. ಥಂಡಿ ಗಾಳೀಲಿ ಲ್ಯಾಕರ್ ಹೊಡೆದ್ರೆ ಅದು ಆರುವಾಗ ತೇವ ಹಿಡ್ಕೊಂಡು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. ಬಿಸಿಲು ಬಂದ ದಿನ ಹನ್ನೊಂದರ ಮೇಲೆ ಹೊಡೀರಿ, ಬರದಿದ್ರೆ ಬಿಡಿ, ಗಿಟಾರ್ ಎಲ್ಲೂ ಓಡಿಹೋಗಲ್ಲ.

ಕೊನೇ ಕೋಟ್ ಆದ್ಮೇಲೆ ಮೂರ್ನಾಲ್ಕು ವಾರ ಮುಟ್ಟಂಗಿಲ್ಲ. ನಾನು ಮೊದಲನೇ ಸಲ ಎರಡೇ ದಿನಕ್ಕೆ, ಕೈಗೆ ಅಂಟ್ತಿಲ್ವಲ್ಲ ಅಂತ, ಹಳೇ ಪೇಪರಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಬಿಚ್ಚಿ ನೋಡಿದ್ರೆ ಬಿಳೀ ಬಾಡಿ ಮೇಲೆ ಅಡಿಕೆ ಧಾರಣೆ ತಿರುವುಮುರುವಾಗಿ ಅಚ್ಚಾಗಿತ್ತು! ನಮ್ಮಮ್ಮ ಕನ್ನಡಿ ತಂದು ಓದಿದ್ರು. ಮೇಲೆ ಒಣಗಿದ್ರೂ ಒಳಗೆ ಹಸಿ ಇರುತ್ತೆ, ಮೂಗಿನ ಹತ್ರ ಹಿಡಿದಾಗ ಥಿನ್ನರ್ ವಾಸನೆ ಬರ್ತಿದ್ರೆ ಇನ್ನೂ ಕಾಯ್ಬೇಕು ಅಂತ ಅರ್ಥ. ಆಮೇಲೆ 1000, 1500, 2000 ವಾಟರ್ ಪೇಪರು, ನೀರಿಗೆ ಒಂದು ಹನಿ ಪಾತ್ರೆ ಸೋಪು, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಸ್ಕ್ರೂ ತೂತಿಗೆ ನೀರು ಹೋಗದ ಹಾಗೆ ನೋಡ್ಕೊಳ್ಳಿ, ಮರ ಉಬ್ಬಿ ಸುತ್ತ ಪೇಂಟ್ ಬಿರಿಯುತ್ತೆ. ಅಂಚುಗಳಲ್ಲಿ ಕೈ ಹಗುರ, ಪೇಂಟ್ ಸವೆದು ಹೋಗೋದು ಯಾವಾಗ್ಲೂ ಅಲ್ಲೇ.

ಪ್ರಶ್ನೆ: ಬ್ರಷ್ಷಲ್ಲಿ ಎನಾಮಲ್ ಹೊಡೆದು, ಮಾರನೇ ದಿನ ಮೇಲೆ ಕ್ಲಿಯರ್ ಲ್ಯಾಕರ್ ಸ್ಪ್ರೇ ಮಾಡಿದೆ, ಹಾಲಿನ ಕೆನೆ ಥರ ಸುಕ್ಕಾಯ್ತು. ಸರಿ ಮಾಡ್ಬಹುದಾ?
– ಓದುಗರು, ತುಮಕೂರು

ಉತ್ತರ: ಇಲ್ಲ, ಕೆರೀಲೇಬೇಕು. ಲ್ಯಾಕರಲ್ಲಿರೋ ಥಿನ್ನರ್ ಕೆಳಗಿನ ಹಸಿ ಎನಾಮಲನ್ನ ಎಬ್ಬಿಸಿದೆ. ಮುಂದಿನ ಸಲ ತಳದಿಂದ ಮೇಲಿನ ತನಕ ಒಂದೇ ಜಾತಿ ಪೇಂಟ್ ಬಳಸಿ, ಮೊದ್ಲು ಒಂದು ಹಲಗೆ ತುಂಡಿನ ಮೇಲೆ ಹೊಡೆದು ನೋಡಿ.

ಪ್ರಶ್ನೆ: ಟೆಲಿ (ಫೆಂಡರ್ ಟೆಲಿಕಾಸ್ಟರ್) ಥರದ ಗಿಟಾರ್‌ಗೆ ಹೊಸ ಪೇಂಟ್ ಮಾಡಿ ಜೋಡಿಸಿದ ಮೇಲೆ ಆಂಪಲ್ಲಿ ಗುಂಯ್ ಅಂತಿದೆ, ತಂತಿ ಮುಟ್ಟಿದ್ರೂ ಕಮ್ಮಿ ಆಗ್ತಿಲ್ಲ. ಪೇಂಟಿಂದ ಹೀಗಾಗುತ್ತಾ?
– ಓದುಗರು, ಹುಬ್ಬಳ್ಳಿ

ಉತ್ತರ: ಒಂಥರಾ ಹೌದು. ತಂತಿಗಳು ಕೂರೋ ಬ್ರಿಡ್ಜ್ ಪ್ಲೇಟ್ ಅಡಿಯಿಂದ ಒಂದು ಗ್ರೌಂಡ್ (ಅರ್ಥಿಂಗ್) ವೈರ್ ಬರುತ್ತೆ, ಟೆಲಿಯಲ್ಲಿ ಎಷ್ಟೋ ಸಲ ಅದನ್ನ ಬೆಸುಗೆ ಹಾಕಿರಲ್ಲ, ಬರೀ ಪ್ಲೇಟ್ ಒತ್ತಿ ಹಿಡ್ಕೊಂಡಿರುತ್ತೆ. ತುದಿಗೆ ಪೇಂಟ್ ಬಿದ್ದಿರಬೇಕು, ಇಲ್ಲಾ ಒಳಗೆ ಜಾರಿರಬೇಕು. ಜ್ಯಾಕಿನ ಲೋಹ ಮುಟ್ಟಿ ನೋಡಿ, ಆಗ ಸದ್ದು ಇಳಿದ್ರೆ ಅದೇ ವೈರು. ಬ್ರಿಡ್ಜ್ ಬಿಚ್ಚಿ ತುದಿ ಕೆರೆದು, ಪ್ಲೇಟಿಗೆ ತಾಗೋ ಹಾಗೆ ಮತ್ತೆ ಕೂರಿಸಿ.