ಕಾಲಾಣೆಯ ಮೇಲೆ ಉಬ್ಬುಗೆರೆ ಇದ್ದರೆ ಹೆಚ್ಚು ಬೆಲೆ ಸಿಗುತ್ತದೆಯೇ?

ನಿಮ್ಮ 1917ರ ಕಾಲಾಣೆಯಲ್ಲಿ ರಾಜನ ಕತ್ತಿನಿಂದ ಅಂಚಿನವರೆಗೆ ಗೆರೆಯಿದೆ, ದಾವಣಗೆರೆಯ ಅಂಗಡಿಯವರು ‘ಎರರ್ ಕಾಯಿನ್’ (ಒತ್ತುವಾಗ ತಪ್ಪಾದ ನಾಣ್ಯ) ಅಂದಿದ್ದಾರೆ ಎಂದು ಬರೆದಿದ್ದೀರಿ. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೆರೆ ತಗ್ಗಾಗಿದ್ದರೆ ಅದು ಆಮೇಲೆ ಬಿದ್ದ ಗೀರು. ಉಬ್ಬಿದ್ದರೆ ನಾಣ್ಯ ಒತ್ತುವ ಅಚ್ಚೇ ಬಿರುಕು ಬಿಟ್ಟಿತ್ತು, ಒತ್ತುವಾಗ ಲೋಹ ಆ ಬಿರುಕಿಗೆ ನುಗ್ಗಿದೆ. ಇಂಥ ಅಚ್ಚಿನಿಂದ ಟಂಕಸಾಲೆಯವರು ಒತ್ತುತ್ತಲೇ ಇರುತ್ತಿದ್ದರು. ಹಾಗಾಗಿ ಬೆಲೆ ಹೆಚ್ಚೇನೂ ಏರುವುದಿಲ್ಲ. ಅಚ್ಚಿನಲ್ಲಿ ಕೊಳೆ ತುಂಬಿ ಅಕ್ಷರ ಮಸುಕಾಗಿದ್ದರೂ ಅಷ್ಟೇ.

ನಿಜವಾಗಿ ಬೆಲೆಬಾಳುವುದು ಬ್ರಾಕೇಜ್. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದೇ ಮುಖ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಇಲ್ಲೇ ಮೋಸ ಜಾಸ್ತಿ: ಎರಡು ನಾಣ್ಯಗಳನ್ನು ವೈಸ್‌ನಲ್ಲಿ (ತಿರುಪಿನಿಂದ ಬಿಗಿಯುವ ಇಕ್ಕಳದಲ್ಲಿ) ಬಿಗಿದು ಒತ್ತಿದರೂ ತಿರುಗುಮುರುಗು ಗುರುತು ಬೀಳುತ್ತದೆ. ಆದರೆ ಆಗ ಮೂಲ ಚಿತ್ರ ಅಡಿಯಲ್ಲಿ ಉಳಿದೇ ಇರುತ್ತದೆ, ಹಿಂಬದಿಯೂ ಚಪ್ಪಟೆಯಾಗುತ್ತದೆ. ಚಿತ್ರ ಪಕ್ಕಕ್ಕೆ ಸರಿದು ಒಂದು ಕಡೆ ಖಾಲಿ ಉಳಿದಿರುವ, ಯಂತ್ರದಲ್ಲಿ ಒತ್ತಿದ ನಾಣ್ಯಕ್ಕೂ ಒಳ್ಳೆಯ ಬೇಡಿಕೆಯಿದೆ, ಇಸವಿ ಕಾಣುತ್ತಿದ್ದರೆ ಇನ್ನೂ ಹೆಚ್ಚು.

ಈ ಲೆಕ್ಕವನ್ನು ಟಿಪ್ಪುವಿನ ಕಾಲದ, ಆನೆಯ ಚಿತ್ರವಿರುವ ಪೈಸೆಗೆ ಹಾಕಬೇಡಿ. ಚಿತ್ರದುರ್ಗದಲ್ಲಿ, ಅಂದರೆ ಆಗಿನ ಫರ್ರುಖ್‌ಯಾಬ್ ಹಿಸಾರ್‌ನಲ್ಲಿ, ಅವನ್ನು ಕೈಯಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಆನೆ ಅರ್ಧ ಹೊರಗೆ ಹೋಗಿರುವುದು ಅಲ್ಲಿ ಮಾಮೂಲು, ಪೂರ್ತಿ ಆನೆಯೂ ಟಂಕಸಾಲೆಯ ಹೆಸರೂ ಇರುವುದಕ್ಕೇ ಬೆಲೆ.

ತೂಕವನ್ನೂ ನೋಡಿ: ನಿಮ್ಮ ಕಾಲಾಣೆ ಸುಮಾರು 4.8 ಗ್ರಾಂ ಇರಬೇಕು. ತೋರಿಸುವ ಮುಂಚೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಹಳೆಯ ಬಣ್ಣ ಹೋದರೆ ಇದ್ದ ಬೆಲೆಯೂ ಇಳಿಯುತ್ತದೆ.